ವೈಫೈ ಹುರಿಯುವ ಶೆಡ್ಡಿಗೆ ಹೋದದ್ದು

ವೈಫೈ ಎಳೆಯಲು ಕೇಬಲ್‌ನವನು ಕೇಳಿದ್ದು ಒಂಬತ್ತು ಸಾವಿರ, ನಾನು ಕೊಟ್ಟದ್ದು ಆರೂವರೆ. ರಸ್ತೆಯಿಂದ ಮನೆವರೆಗೆ ಕಂಬ ನೆಡಬೇಕು ಅಂದ. ಸಿಲ್ವರ್ ಓಕ್ ಮರಗಳು ನಿಂತೇ ಇವೆಯಲ್ಲ, ಅವಕ್ಕೇ ಕಟ್ಟು ಅಂದೆ. ಅಮ್ಮತ್ತಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟು ಒಬ್ಬಳೇ ಮೇಲೆ ಬಂದವಳು ನಾನು, ಮೊದಲು ಹೇಳಿದ ದರಕ್ಕೆ ಏನನ್ನೂ ಕೊಂಡವಳಲ್ಲ. ಅಷ್ಟು ಖರ್ಚು ಮಾಡಿದ್ದು ತಂಗಿಗಾಗಿ. ಅವಳು ನರ್ಸ್, ಕೊರೋನಾ ಜೋರಾದಾಗ ನನ್ನ ಮನೆಯಿಂದಲೇ ಡ್ಯೂಟಿಗೆ ಹೋಗಿಬರುತ್ತಿದ್ದಳು. ಮನೆಯಲ್ಲಿ ಕರೆ ಬರುವಷ್ಟು ರೇಂಜ್ ಇತ್ತು, ನೆಟ್ ಇರಲಿಲ್ಲ. ಬಿಡುವಿನಲ್ಲಿ ಗೆಳತಿಯರ ಮುಖ ನೋಡಿ ಹಗುರಾಗಲಿ ಅಂತ ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಬಂದು ಮಿಂದವಳೇ ಫೋನ್ ಹಿಡಿದು ಕೂರುತ್ತಿದ್ದಳು. ಜೊತೆಗೆ ಓದಿದ ನರ್ಸ್‌ಗಳ ವಾಟ್ಸಾಪ್ ಗುಂಪಿನಲ್ಲಿ ಯಾವುದೋ ಊರಿನ ಆಸ್ಪತ್ರೆಯ ವಿಡಿಯೊ, ಅಳುವ ವಾಯ್ಸ್ ಮೆಸೇಜ್. ನೆಂಟರ ಗುಂಪಿನಲ್ಲಿ, ನರ್ಸ್ ಇರುವ ಮನೆಗೆ ಯಾರೂ ಹೋಗಬೇಡಿ ಎಂಬ ಉಪದೇಶ. ವಾರ್ಡಿನಲ್ಲಿ ಗಟ್ಟಿಯಾಗಿ ನಿಲ್ಲುವವಳು ಮನೆಯಲ್ಲಿ ಬೆರಳಿಂದ ಆಕ್ಸಿಮೀಟರ್ ತೆಗೆಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಅನ್ನದ ತಟ್ಟೆ ಸರಿಸಿ, “ಅಕ್ಕ, ನಂಗೆ ಆಗಲ್ಲ. ರಿಸೈನ್ ಮಾಡ್ತೀನಿ” ಅಂದಳು.

ಅವಳು ಇಷ್ಟಪಟ್ಟು ಸೇರಿದ ಕೆಲಸ ಅದು. ಹೆದರಿಕೆಯಲ್ಲಿ ಬಿಟ್ಟರೆ ಆಮೇಲೆ ತನ್ನನ್ನೇ ಹಳಿದುಕೊಳ್ಳುತ್ತಾಳೆ ಅಂತ ನನಗೆ ಗೊತ್ತಿತ್ತು.

“ಫೋನ್ ಇಲ್ಲಿ ಕೊಡು. ನಾನು ಓದಿ ಬೇಕಾದ್ದು ಮಾತ್ರ ಹೇಳ್ತೀನಿ. ಕಲ್ಲು ಆರಿಸಿ ಬೀಜ ಕೊಟ್ಟ ಹಾಗೆ.”

ಎರಡು ದಿನ ಓದಿದೆ. ಮೂರನೆಯ ದಿನ ಅಂಗಡಿಯಲ್ಲಿ ಕೂತು ಗಳಿಗೆಗೊಮ್ಮೆ ಪುಡಿ ಮೂಸುತ್ತಿದ್ದೆ, ವಾಸನೆ ಗೊತ್ತಾಗುತ್ತದೋ ಇಲ್ಲವೋ ಅಂತ. ಖಾಯಂ ಗಿರಾಕಿಯೊಬ್ಬರು ನೋಡಿದರು.

“ಏನಕ್ಕಾ, ನಿಮ್ಮ ಪುಡಿ ಮೇಲೆ ನಿಮಗೇ ನಂಬಿಕೆ ಇಲ್ವಾ? ಹಾಗಾದ್ರೆ ನಂಗೆ ಬೇಡ ಬಿಡಿ.”

ತಂಗಿಗೆ ಹೇಳಿದೆ. ಎಷ್ಟೋ ದಿನಗಳ ಮೇಲೆ ನಕ್ಕಳು. “ಎರಡೇ ದಿನಕ್ಕೆ ಕಲ್ಲೆಲ್ಲ ನಿನ್ನ ಹೊಟ್ಟೆಗೇ ಹೋಯ್ತಾ?”

“ಸರಿ, ವೈಫೈ ತೆಗೆಸ್ತೀನಿ.”

“ಬೇಡ ಅಕ್ಕ. ಅಲ್ಲಿರೋರು ನನ್ನಂಥವರೇ. ಅವರು ಹೇಗಿದಾರೆ ಅಂತ ಗೊತ್ತಾಗ್ದಿದ್ರೆ ಇನ್ನೂ ಹೆದರಿಕೆ.”

“ದಿನಕ್ಕೆ ಒಂದೇ ಸಲ ನೋಡು.”

“ಮೂರು.”

“ಎಷ್ಟು ಸಲ ಬೇಕಾದ್ರೂ ನೋಡು. ವೈಫೈ ಡಬ್ಬಿ ಮಾತ್ರ ಬೀಜ ಹುರಿಯೋ ಶೆಡ್ಡಲ್ಲಿ ಇರುತ್ತೆ. ರಿಸೈನ್ ಮಾತು ಒಂದು ತಿಂಗಳು ಬೇಡ.”

“ಆ ದಾರಿ ತುಂಬ ಜಿಗಣೆ!”

“ಅದಕ್ಕೇ.”

ಶೆಡ್ ಇದ್ದದ್ದು ಅಂಗಳ ದಾಟಿ ತೋಟದ ಅಂಚಿನಲ್ಲಿ, ಮನೆಗೆ ಸಿಗ್ನಲ್ ಮುಟ್ಟದಷ್ಟು ದೂರ. ಹತ್ತಿದ ಜಿಗಣೆಗೆ ಮುಟ್ಟಿಸಿ ಬೀಳಿಸಲು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ನನ್ನನ್ನು ಬೈಯುತ್ತಲೇ ಹೋಗುತ್ತಿದ್ದಳು. ಅಲ್ಲಿದ್ದ ಸ್ಟೂಲನ್ನು ನಾನು ಮೊದಲೇ ತೆಗೆದಿದ್ದೆ. ಮೂಟೆಗಳ ನಡುವೆ ನಿಂತು, ಕಾಲು ಕೆರೆದುಕೊಳ್ಳುತ್ತ ಯಾರು ತಾನೆ ಗಂಟೆಗಟ್ಟಲೆ ವಿಡಿಯೊ ನೋಡುತ್ತಾರೆ? ಮೊದಲ ವಾರ ಹಟಕ್ಕೆ ಬಿದ್ದು ಹೋದಳು. ಆಮೇಲೆ ಓಡಾಟ ಕಡಿಮೆಯಾಯಿತು, ರಾತ್ರಿ ನಿದ್ದೆ ಬರತೊಡಗಿತು. ನೆಂಟರ ಗುಂಪಿನಿಂದ ತಾನೇ ಹೊರಬಂದಳು.

ಒಂದು ಸಂಜೆ ಬೀಜ ತರಲು ಹೋದಾಗ ಶೆಡ್ಡಿನೊಳಗೆ ಅವಳು ಗಟ್ಟಿಯಾಗಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು: “ಕುಟ್ಟ ಊರಿನ ಅಜ್ಜ ಇವತ್ತು ಡಿಸ್ಚಾರ್ಜ್ ಆದ್ರು ಕಣ್ರೇ! ಜೀಪಿನ ತನಕ ತಾವೇ ನಡೆದ್ರು. ಹೋಗ್ತಾ, ನಿಮ್ಮ ಗಂಜಿ ಬಾಯಿಗಿಡೋ ಹಾಗಿಲ್ಲ ಅಂತ ಬೈದ್ರು. ನಿಮ್ಮಲ್ಲಿ ಯಾರು ಹುಷಾರಾಗಿ ಮನೆಗೆ ಹೋದ್ರು, ಹೇಳಿ.”

ಉತ್ತರಗಳು ಒಂದರ ಹಿಂದೊಂದು ಬಂದವು. ಅವಳು ನಿಂತೇ ಕೇಳಿದಳು, ಕೆಲವನ್ನು ಎರಡೆರಡು ಸಲ. ತಿಂಗಳು ಕಳೆಯಿತು. ರಿಸೈನ್ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾಳೆ.

ನಿಮ್ಮ ಮನೆಯಲ್ಲೂ ನರ್ಸೋ ಆಶಾ ಕಾರ್ಯಕರ್ತೆಯೋ ಇದ್ದರೆ, ಅಂಥ ಕಾಲ ಮತ್ತೆ ಬಂದರೆ, ಅವರ ಫೋನ್ ಕಿತ್ತುಕೊಳ್ಳಬೇಡಿ. ಅವರ ಜೊತೆಗಾರರು ಇರುವುದು ಅದರಲ್ಲೇ. ಎದ್ದು ನಡೆದು ಹೋಗಿ ನೋಡಬೇಕಾದಷ್ಟು ದೂರ ಇಡಿ, ಡ್ಯೂಟಿ ಕರೆ ಮಾತ್ರ ಕೇಳಿಸುವಂತಿರಲಿ. ಕೆಲಸ ಮುಗಿಸಿ ಬಂದವರನ್ನು ಎಷ್ಟು ಕೇಸು ಅಂತ ಕೇಳಬೇಡಿ. ಯಾರು ಗುಣವಾಗಿ ಮನೆಗೆ ಹೋದರು ಅಂತ ಕೇಳಿ, ಅದೂ ಊಟವಾದ ಮೇಲೆ.