ಅಜ್ಜಿಗೆಂದು ತೆಗೆದಿಟ್ಟ ಪ್ರಸಾದ

ಉಪ್ಪುಂದದಿಂದ ಕಡಲ ಬದಿಗೆ ಇಳಿಯುವ ದಾರಿಯಲ್ಲಿ ನಿಂತು ಸೆವ್ರಿನ್ ಬಾಯಿಯ ಮನೆ ಯಾವುದು ಅಂತ ಕೇಳಿದರೆ ಈಗಲೂ ಯಾರಾದರೂ ತೋರಿಸುತ್ತಾರೆ. ತೋರಿಸಿ ಸುಮ್ಮನಿರುವುದಿಲ್ಲ. 'ಅದೇ, ಮಕ್ಕಳಿಗೆ ಇಗರ್ಜಿ ಪ್ರಸಾದ ತಿನ್ನಿಸಿದ ಟೀಚರ್ ಅಲ್ದಾ?' ಅಂತ ಒಂದು ಮಾತು ಸೇರಿಸುತ್ತಾರೆ. ಇಡೀ ಆಯುಷ್ಯ ಪಾಠ ಹೇಳಿದ ಹೆಂಗಸಿಗೆ ಊರು ಕೊಟ್ಟ ಬಿರುದು ಅದು. ಹಾಗೆ ಹೇಳುವವರ ಬಾಯಿಗೆ ಹುಳ ಬೀಳಲಿ ಅನ್ನಬೇಕು ಅನಿಸುತ್ತದೆ. ಅಂದು ಏನು ಪ್ರಯೋಜನ? ಅವರಿಗೆ ಗೊತ್ತಿರುವುದೇ ಅಷ್ಟು.

ಸೆವ್ರಿನ್ ಬಾಯಿ ಸಿಸ್ಟರ್ ಅಲ್ಲ. ಹರೆಯದಲ್ಲಿ ಕಾನ್ವೆಂಟ್ ಸೇರುವ ಆಸೆಯೇನೋ ಇತ್ತು. ಆದರೆ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮಲಗಿದರು. ಅವರಿಗೆ ಗಂಜಿ ಕುಡಿಸುತ್ತ, ಮೈ ಒರೆಸುತ್ತ ಕಾನ್ವೆಂಟೂ ಹೋಯಿತು, ಮದುವೆಯ ವಯಸ್ಸೂ ಹೋಯಿತು. ಆಗ ಇದ್ದ ಹಳೇ ಫಾದರ್ ಒಬ್ಬರು, ಪಾಪ ಒಳ್ಳೆಯವರು, ಕರೆದು ಇಗರ್ಜಿಯ, ಅಂದರೆ ಚರ್ಚಿನ, ಹಿಂಬದಿಯ ಹೈಸ್ಕೂಲಿನಲ್ಲಿ ಧರ್ಮ ಪಾಠಕ್ಕೆ ಹಾಕಿದರು. ಜೊತೆಗೆ ಹೊಲಿಗೆ, ಸಂಗೀತ, ಯಾವ ಟೀಚರ್ ರಜೆ ಹಾಕಿದರೂ ಅವರ ಪೀರಿಯಡ್ಡು. ಬೇರೆ ಎಲ್ಲ ಕೆಲಸ ಅವರು ಮಾಡಬೇಕಲ್ಲ ಅಂತ ಮಾಡಿದರು. ಧರ್ಮ ಪಾಠ ಮಾತ್ರ ಅವರ ಜೀವ. ನಿಮ್ಮ ಆಸ್ತಿ ಏನು ಬಾಯಿ ಅಂತ ಯಾರಾದರೂ ಕೇಳಿದ್ದರೆ ಅವರು ಆ ಕ್ಲಾಸು ತೋರಿಸುತ್ತಿದ್ದರು.

ಆ ಶಾಲೆಯಲ್ಲಿ ಒಂದು ಪದ್ಧತಿ. ವಾರದಲ್ಲಿ ಎರಡು ದಿನ ಮೊದಲ ಪೀರಿಯಡ್ಡಿಗೆ ಶಾಲೆ ಎರಡು ಹೋಳಾಗುತ್ತದೆ. ಕ್ರಿಸ್ತಾಂವ ಮಕ್ಕಳು ಸೆವ್ರಿನ್ ಬಾಯಿಯ ಹತ್ತಿರ ದೊತೊರ್ನಿಗೆ, ಅಂದರೆ ಧರ್ಮ ಪಾಠಕ್ಕೆ. ಉಳಿದವರೆಲ್ಲ ಲೀಲಾಧರ ಮಾಸ್ಟ್ರ ಹತ್ತಿರ ಮೌಲ್ಯ ಶಿಕ್ಷಣಕ್ಕೆ. ಮೌಲ್ಯ ಶಿಕ್ಷಣ ಅಂದರೆ ಏನು ಮಾರಾಯ್ರೆ, ತುಟಿಯ ಮೇಲೆ ಬೆರಳಿಟ್ಟು ಕೂತುಕೊಳ್ಳುವುದು, ಮಾಸ್ಟ್ರು ಪೇಪರ್ ಓದಿ ಮುಗಿಸುವವರೆಗೆ. ಈಚೆ ಸೆವ್ರಿನ್ ಬಾಯಿಯ ಕೋಣೆಯಲ್ಲಿ ಮಾತ್ರ ಗಲಾಟೆಯೋ ಗಲಾಟೆ. ಅವರು ಬೈಬಲಿನ ಕತೆ ಹೇಳುವವರಲ್ಲ, ಆಡಿ ತೋರಿಸುವವರು. ದಾವೀದ ಕವಣೆ ಬೀಸುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಬೀಸುತ್ತಿದ್ದರು. ಜೋನ ಮೀನಿನ ಹೊಟ್ಟೆ ಸೇರಿದಾಗ ಬೆಂಚಿನ ಅಡಿ ನುಗ್ಗಿ ಅಲ್ಲಿಂದಲೇ ಕೂಗುತ್ತಿದ್ದರು. ಕಿಟಕಿಯ ಹೊರಗೆ ಮೀನು ಹಿಡಿಯುವ ಮೊಗವೀರರ ಮಕ್ಕಳು ಮಾಸ್ಟ್ರ ಕಣ್ಣು ತಪ್ಪಿಸಿ ಬಂದು ನಿಂತು ಬಾಯಿಬಿಟ್ಟು ನೋಡುತ್ತಿದ್ದವು. ಮೀನಿನ ಕತೆ ಅವರಿಗಲ್ಲದೆ ಇನ್ಯಾರಿಗೆ ರುಚಿಸಬೇಕು!

ಹಾಗೆ ಕಿಟಕಿಗೆ ಜೋತುಬಿದ್ದು ಬೆಳೆದವಳೇ ಮೋಕ್ಷಿತಾ. ಅವಳ ಅಮ್ಮ ಬೆಳ್ಳಿ ಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಬೆಳಿಗ್ಗೆ ಮೊದಲು ನಿಲ್ಲುತ್ತಿದ್ದುದು ಸೆವ್ರಿನ್ ಬಾಯಿಯ ಅಂಗಳದಲ್ಲೇ. ಹುಡುಗಿಗೆ ಒಳ್ಳೇ ಕಂಠ. ಶಾಲೆಯವರು ಇಗರ್ಜಿಯಲ್ಲಿ ಮಾಡಿಸುವ ಪೂಜೆಗೆ ಹಾಡುವ ಮಕ್ಕಳ ಗುಂಪಿಗೆ ಸೆವ್ರಿನ್ ಬಾಯಿ ಅವಳನ್ನು ಸೇರಿಸಿಕೊಂಡರು. ಬೆಳ್ಳಿಯನ್ನು ಕೇಳಿಯೇ ಸೇರಿಸಿಕೊಂಡದ್ದು. ಬೆಳ್ಳಿ ನಕ್ಕು, ದೇವರ ಪದ ಯಾವ ಗುಡಿಯಲ್ಲಿ ಹೇಳಿದರೂ ಪುಣ್ಯವೇ ಬಾಯಿ, ಮನೆಯಲ್ಲಿ ಕೂತು ಮೊಬೈಲು ನೋಡುವುದಕ್ಕಿಂತ ವಾಸಿ ಅಂದಿದ್ದಳು.

ಮೋಕ್ಷಿತಾ ಹತ್ತನೇ ಕ್ಲಾಸಿನಲ್ಲಿದ್ದ ವರ್ಷ, ಜನವರಿಯಲ್ಲಿ ಶಾಲೆಯ ಹಬ್ಬ. ಇಗರ್ಜಿಯಲ್ಲಿ ಪೂಜೆ. ಪರಮ ಪ್ರಸಾದ ಕೊಡುವ ಹೊತ್ತು ಬಂತು. ಗೋಧಿಯ ತೆಳ್ಳಗಿನ ಬಿಳೀ ಬಿಲ್ಲೆ ಅದು. ಕ್ರಿಸ್ತಾಂವರಿಗೆ ಅದು ಸಾಕ್ಷಾತ್ ಯೇಸುವಿನ ಶರೀರ. ದೀಕ್ಷೆ ಆಗದವರು ಮುಟ್ಟಬಾರದು, ಆದವರು ಕೊಟ್ಟ ಕೂಡಲೇ ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಹಾಡುವ ಹುಡುಗಿಯರು ಸಾಲಾಗಿ ಎದ್ದರು. ಮೋಕ್ಷಿತಾಳೂ ಎದ್ದಳು. ಎಲ್ಲರೂ ಹೋಗುವಾಗ ತಾನೊಬ್ಬಳೇ ಬೆಂಚಿಗೆ ಅಂಟಿಕೊಂಡು ಕೂರುವುದು ಚೆಂದವಾ ಅಂತ ಇರಬೇಕು. ಹೊಸ ಫಾದರ್ ಊರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಯಾರ ಮಕ್ಕಳು ಯಾರು ಅಂತ ಅವರಿಗೆ ತಿಳಿಯದು. ಕೊರೋನಾ ಬಂದ ಮೇಲೆ ನಾಲಿಗೆಗೆ ಬದಲು ಕೈಗೆ ಕೊಡುವ ರೂಢಿ ಆಗಿತ್ತಲ್ಲ, ಚಾಚಿದ ಕೈಗೆ ಇಟ್ಟರು, ಮುಂದಿನವರ ಕಡೆ ತಿರುಗಿದರು. ಸೆವ್ರಿನ್ ಬಾಯಿ ಆ ಹೊತ್ತಿಗೆ ಹಿಂದುಗಡೆ ಎಂಟನೇ ಕ್ಲಾಸಿನ ಗಂಡುಮಕ್ಕಳ ಕಿವಿ ಹಿಂಡುತ್ತಿದ್ದರು. ಅವರು ನೋಡಲೇ ಇಲ್ಲ.

ಹುಡುಗಿ ಅದನ್ನು ಬಾಯಿಗೆ ಹಾಕಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಆ ಮನೆಯ ಮಗಳು. ಆನೆಗುಡ್ಡೆ ಗಣಪತಿಯ ಹತ್ತಿರ ಹೋದರೆ ಪಂಚಕಜ್ಜಾಯ, ಊರ ಗುಡಿಗೆ ಹೋದರೆ ಹೂವು ಗಂಧ, ಏನೇ ಕೈಗೆ ಬಂದರೂ ಮನೆಗೆ ತಂದು ಮೊದಲು ಹಾಸಿಗೆ ಹಿಡಿದ ಅಜ್ಜಿ ಸುಂದರಿಗೆ ಕೊಟ್ಟು ಆಮೇಲೆ ಉಳಿದವರು. ದೇವರಲ್ಲಿ ಕೊಟ್ಟದ್ದನ್ನು ಒಬ್ಬಳೇ ತಿಂದು ಬಂದವಳು ಅಂತ ಆ ಮನೆಯಲ್ಲಿ ಹೇಳಿಸಿಕೊಂಡವರಿಲ್ಲ. ಅವಳು ಬಿಲ್ಲೆಯನ್ನು ಕರ್ಚೀಫಿನಲ್ಲಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವ ಅನಿಷಾ ಅದನ್ನು ಕಂಡಳು, ಕಿರುಚಿದಳು. ಎಂತಕ್ಕೆ ಇಟ್ಟುಕೊಂಡೆ ಅಂತ ಕೇಳಿದರೆ ಇವಳು, "ಅಜ್ಜಿಗ್ ಕೊಡುಕೆ" ಅಂದಳು. ತಪ್ಪು ಮಾಡಿದೆ ಅಂತ ಅವಳ ಮುಖದಲ್ಲಿ ಏನೂ ಇರಲಿಲ್ಲ.

ಫಾದರ್ ಓಡಿ ಬಂದರು. ಮೊಣಕಾಲೂರಿ ಕರ್ಚೀಫು ಬಿಚ್ಚಿ, ಪುಡಿಯನ್ನೂ ಬಿಡದೆ ತಾವೇ ಸ್ವೀಕರಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡುತ್ತಾರಾ? ಸಂಜೆಯೊಳಗೆ ಇಗರ್ಜಿಯ ಗ್ರೂಪಿನಲ್ಲಿ ಪವಿತ್ರ ಪ್ರಸಾದಕ್ಕೆ ಅಪಮಾನ ಅಂತ ಮೆಸೇಜು. ಇತ್ತ ಬೆಳ್ಳಿಯ ತಮ್ಮ ಪ್ರೇಮಾನಂದನ ಗ್ರೂಪಿನಲ್ಲಿ ನಮ್ಮ ಹುಡುಗಿಯನ್ನು ಮತಾಂತರ ಮಾಡಿದರು ಅಂತ ಮೆಸೇಜು. ಎರಡೂ ಕಡೆಯವರಿಗೆ ಒಂದೊಂದು ತಲೆ ಬೇಕಾಗಿತ್ತು, ಅಷ್ಟೆ.

ಮರುದಿನ ಫಾದರ್ ಸೆವ್ರಿನ್ ಬಾಯಿಯನ್ನು ಕರೆದು ಮೆಲ್ಲಗೆ ಹೇಳಿದರು. ಹುಡುಗಿ ಕಿಡಿಗೇಡಿತನದಿಂದ ತಾನಾಗಿ ಸಾಲಿಗೆ ನುಗ್ಗಿದ್ದು ಅಂತ ನೀವು ಸಭೆಯಲ್ಲಿ ಹೇಳಿಬಿಡಿ, ನಾವು ಟೀಸಿ ಕೊಟ್ಟು ಕಳಿಸುತ್ತೇವೆ, ಶಾಲೆಯ ಹೆಸರು ಉಳಿಯುತ್ತದೆ. ಕಣ್ಣುಮುಚ್ಚಿ ಕೊಟ್ಟದ್ದು ತಮ್ಮದೇ ಕೈ ಅಂತ ಅವರಿಗೆ ನೆನಪೇ ಇರಲಿಲ್ಲ. ಸೆವ್ರಿನ್ ಬಾಯಿ ಮಾತು ಕೊಡದೆ ಎದ್ದು ಬಂದರು. ಪರೀಕ್ಷೆ ಹತ್ತಿರ ಇತ್ತು. ಟೀಸಿ ಕೊಟ್ಟರೆ ಹುಡುಗಿಯ ವರ್ಷ ಹೋದ ಹಾಗೆಯೇ. ವರ್ಷ ಹೋದ ಮೇಲೆ ಆ ಮನೆಯಲ್ಲಿ ಇನ್ನೊಮ್ಮೆ ಶಾಲೆಗೆ ಕಳಿಸುವವರು ಯಾರು? ಅಮ್ಮನ ಜೊತೆ ಬುಟ್ಟಿ ಹೊರುವುದೇ.

ಅವತ್ತು ಸಾಯಂಕಾಲ ಬೆಳ್ಳಿ ಅಂಗಳಕ್ಕೆ ಬಂದಳು. ಬುಟ್ಟಿ ಇರಲಿಲ್ಲ. ಒಳಗೆ ಬಾ ಅಂದರೂ ಬರಲಿಲ್ಲ, ಮೆಟ್ಟಿಲಲ್ಲೇ ಕೂತು ಅತ್ತಳು. ತನಗೆ ಜಾತಿಯೂ ಬೇಡ ಗಲಾಟೆಯೂ ಬೇಡ, ತಮ್ಮ ಯಾರ್ಯಾರನ್ನೋ ಕಟ್ಟಿಕೊಂಡು ಕುಣಿಯುತ್ತಿದ್ದಾನೆ, ತಾನು ಹೇಳಿದರೆ ಕೇಳುವುದಿಲ್ಲ ಅಂದಳು. ಏಳುವಾಗ ಕೈ ಹಿಡಿದು, "ಬಾಯೀ, ಎಂತಾರೂ ಮಾಡಿ. ಇವಳ್ದ್ ಒಂದ್ ಹತ್ನೇ ಕ್ಲಾಸ್ ಮುಗಿಲಿ" ಅಂದಳು. ಸೆವ್ರಿನ್ ಬಾಯಿ ಮುಗಿಯುತ್ತದೆ ಮಾರಾಯ್ತಿ, ನಾನಿಲ್ಲವಾ ಅಂದರು.

ಸಭೆ ನಡೆದದ್ದು ಶಾಲೆಯ ಆಫೀಸಿನಲ್ಲಿ. ಈಚೆ ಫಾದರ್, ಇಗರ್ಜಿಯ ಇಬ್ಬರು ಹಿರಿಯರು. ಆಚೆ ಪ್ರೇಮಾನಂದ, ಅವನ ಹಿಂದೆ ಮೊಬೈಲು ಎತ್ತಿ ಹಿಡಿದುಕೊಂಡ ನಾಲ್ಕು ಜನ. ನಡುವೆ ಮೋಕ್ಷಿತಾ. ಬೆಳ್ಳಿ ಬಾಗಿಲ ಹತ್ತಿರ. ಹುಡುಗಿಯೇ ನುಗ್ಗಿದ್ದು ಅಂತ ಇವರು, ನುಗ್ಗಿಸಿದ್ದು ಅಂತ ಅವರು. ಮಾತು ಏರಿ ಏರಿ ಇನ್ನೇನು ಕೈಗೆ ಬರುತ್ತದೆ ಅನ್ನುವಾಗ ಪ್ರೇಮಾನಂದ, ಅವಳನ್ನೇ ಕೇಳಿ, ಮಕ್ಕಳು ಸುಳ್ಳು ಹೇಳುವುದಿಲ್ಲ ಅಂದ. ಮನೆಯಲ್ಲಿ ಹಿಂದಿನ ದಿನವೇ ಕೂರಿಸಿ ಬಾಯಿಪಾಠ ಮಾಡಿಸಿದ್ದವನು ಅವನೇ.

ಮೋಕ್ಷಿತಾ ತಲೆ ಎತ್ತಲಿಲ್ಲ. "ಟೀಚರೇ ಹೋಗ್ ಅಂದದ್" ಅಂದಳು.

ಫಾದರ್ ಸೆವ್ರಿನ್ ಬಾಯಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇರಬೇಕಿತ್ತು, ಅಥವಾ ಆಶ್ಚರ್ಯವಾದರೂ. ಇದ್ದದ್ದು ಸಮಾಧಾನ. ಅಬ್ಬ, ದಾರಿ ಸಿಕ್ಕಿತು ಅನ್ನುವ ಸಮಾಧಾನ. "ಹೌದಾ ಟೀಚರ್? ನೀವು ಹೇಳಿದ್ದಾ?" ಅಂತ ಕೇಳಿದರು.

ಸೆವ್ರಿನ್ ಬಾಯಿ ಮೇಜಿನ ಕಡೆ ನೋಡಿದರು. ಇಲ್ಲ ಅಂದರೆ ಸಾಕು, ನಿಜವೂ ಅದೇ. ಆದರೆ ಇಲ್ಲ ಅಂದ ಕೂಡಲೇ ಹುಡುಗಿ ಕಳ್ಳಿಯೂ ಆಗುತ್ತಾಳೆ, ಸುಳ್ಳಿಯೂ ಆಗುತ್ತಾಳೆ. ಟೀಸಿ ಮೇಜಿನ ಮೇಲೆ ತಯಾರಾಗಿಯೇ ಇತ್ತು. ಹೌದು ಅಂದರೆ ತನ್ನ ಕ್ಲಾಸು ಹೋಗುತ್ತದೆ. ಬಾಗಿಲಿನ ಹತ್ತಿರ ಬೆಳ್ಳಿ ನೆಲ ನೋಡುತ್ತಿದ್ದಳು. ಇಷ್ಟು ವರ್ಷ ಕ್ರಿಸ್ತಾಂವರಲ್ಲದ ಮಕ್ಕಳಿಗೆ, ಈ ಪ್ರಸಾದ ನಿಮಗಲ್ಲ ಅಂತ ಒಂದು ಮಾತು ಹೇಳಲು ತನಗೆ ಬಾಯಿ ಬಂದಿರಲಿಲ್ಲ, ಅದೂ ನೆನಪಾಯಿತು.

"ನಾನು ಅವಳಿಗೆ ಸರಿಯಾಗಿ ಹೇಳಿಕೊಡಲಿಲ್ಲ ಫಾದರ್. ತಪ್ಪು ನನ್ನದೇ" ಅಂದರು.

ಅಷ್ಟೇ ಸಾಕಾಯಿತು. ಒಂದು ಗಂಟೆಯಿಂದ ಒಂದೇ ಒಂದು ಮಾತಿಗೆ ಒಪ್ಪದ ಎರಡು ಪಾರ್ಟಿಯೂ ಆ ಕ್ಷಣ ಒಂದಾಯಿತು. ಫಾದರ್ ಕ್ಷಮೆ ಕೇಳಿದರು, ಆ ಟೀಚರನ್ನು ಪಾಠದಿಂದ ತೆಗೆಯುತ್ತೇವೆ ಅಂದರು. ಪ್ರೇಮಾನಂದ ದೊಡ್ಡ ಮನಸ್ಸು ಮಾಡಿ ನಮಗೂ ಗಲಾಟೆ ಇಷ್ಟ ಇಲ್ಲ ಅಂದ. ಚಾ ಬಂತು, ಬಿಸ್ಕೀಟು ಬಂತು. ಕೈ ಕುಲುಕಿದರು, ಫೋಟೋ ತೆಗೆದುಕೊಂಡರು. ಚಾ ತಂದವರು ಸೆವ್ರಿನ್ ಬಾಯಿಯ ಮುಂದೆ ಲೋಟ ಇಡುವುದನ್ನು ಮರೆತರು. ಅವರು ಎದ್ದು ಹೊರಗೆ ಬಂದದ್ದೂ ಯಾರಿಗೂ ತಿಳಿಯಲಿಲ್ಲ.

ಆಮೇಲಿನದ್ದು ಹೇಳುವುದಕ್ಕೇ ಬೇಸರ. ಶಾಲೆಯ ಕ್ಲಾಸು ಹೋಯಿತು, ಭಾನುವಾರ ಇಗರ್ಜಿಯಲ್ಲಿ ಸಣ್ಣ ಮಕ್ಕಳನ್ನು ಮೊದಲ ಪರಮ ಪ್ರಸಾದಕ್ಕೆ ತಯಾರು ಮಾಡುವ ಕೆಲಸವೂ ಹೋಯಿತು. ಅದಕ್ಕೆಲ್ಲ ಈಗ ಬೇರೆ ಊರಿನಿಂದ ಬಂದ ಕಿರಿಯ ಸಿಸ್ಟರ್ ಒಬ್ಬರು ಇದ್ದಾರೆ, ಗೋಡೆಯ ಮೇಲೆ ವೀಡಿಯೋ ಬಿಟ್ಟು ಪಾಠ ಮಾಡುತ್ತಾರೆ. ಇಗರ್ಜಿಯಲ್ಲಿ ಸೆವ್ರಿನ್ ಬಾಯಿ ಕೂತ ಬೆಂಚಿನಲ್ಲಿ ಒಂದೆರಡು ಭಾನುವಾರ ಬೇರೆ ಯಾರೂ ಕೂರಲಿಲ್ಲ. ಬೆಳ್ಳಿ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದಳು. ಅದೇ ದಾರಿಯಲ್ಲಿ ಹೋಗುತ್ತಾಳೆ, ಈ ಮನೆ ಬಂದಾಗ ಹೆಜ್ಜೆ ಜೋರು ಮಾಡುತ್ತಾಳೆ, ಎರಡು ಮನೆ ಆಚೆ ಹೋಗಿ "ಹ್ವಾಯ್" ಅಂತ ಕೂಗುತ್ತಾಳೆ. ಅವಳ ಮೇಲೂ ತಪ್ಪು ಹೊರಿಸುವ ಹಾಗಿಲ್ಲ ಅನ್ನಿ. ಉಪಕಾರ ಮಾಡಿದವರ ಮುಖ ನೋಡುವುದು ಸುಲಭವಲ್ಲ. ಆದರೂ ಸೆವ್ರಿನ್ ಬಾಯಿಗೆ ಫಾದರ್ ಮಾಡಿದ್ದಕ್ಕಿಂತ ಅದೇ ಹೆಚ್ಚು ನೋಯಿತು. ಎಷ್ಟೋ ದಿನ ಮೀನೇ ತಿನ್ನದೆ ಬರೀ ಗಂಜಿ, ಉಪ್ಪಿನಕಾಯಿ ಉಂಡರು.

ಮೋಕ್ಷಿತಾ ಪಾಸಾದಳು. ಒಳ್ಳೇ ಮಾರ್ಕೇ ಬಂತಂತೆ, ಬೈಂದೂರಿನ ಕಾಲೇಜಿಗೆ ಸೇರಿದಳಂತೆ. ಸುದ್ದಿ ಕೇಳಿದ ದಿನ ಸೆವ್ರಿನ್ ಬಾಯಿ ಒಂದು ಮೇಣದಬತ್ತಿ ಹಚ್ಚಿದರು. ಹೋದದ್ದು ಹೋಯಿತು, ಹೋದದ್ದಕ್ಕೆ ಒಂದು ಅರ್ಥ ಬಂತಲ್ಲ ಅಂದುಕೊಂಡರು. ಹುಡುಗಿಗೆ ನಿಜ ಗೊತ್ತಿದೆ. ಒಂದಲ್ಲ ಒಂದು ದಿನ ಬಂದು ಹೇಳುತ್ತಾಳೆ. ಹೇಳದಿದ್ದರೂ ಅಡ್ಡಿಯಿಲ್ಲ, ಅವಳಿಗೆ ಗೊತ್ತಿದ್ದರೆ ಸಾಕು. ಜಗತ್ತಿನಲ್ಲಿ ಒಬ್ಬಳಿಗಾದರೂ ಗೊತ್ತಿದೆ ಅನ್ನುವ ಧೈರ್ಯದ ಮೇಲೆಯೇ ಅವರು ಮನೆಯಿಂದ ಹೊರಗೆ ಹೋಗುತ್ತಿದ್ದರು, ಜನ ಹಿಂದಿನಿಂದ ಆಡಿದ್ದನ್ನು ಕೇಳಿಯೂ ಕೇಳದ ಹಾಗೆ ಇಗರ್ಜಿಗೆ ಹೋಗಿ ಬರುತ್ತಿದ್ದರು.

ಆ ದಿನವೂ ಬಂತು. ಕಣ್ಣು ತೋರಿಸಲಿಕ್ಕೆಂದು ಬೈಂದೂರಿಗೆ ಹೋದವರು ಬಸ್ಸಿಗೆ ಕಾಯುತ್ತ ನಿಂತಿದ್ದರು. ಕಾಲೇಜಿನ ಹುಡುಗಿಯರ ಗುಂಪಿನಿಂದ ಒಬ್ಬಳು ಕಳಚಿಕೊಂಡು ಓಡಿ ಬಂದಳು. ಮೋಕ್ಷಿತಾ. ಎತ್ತರ ಆಗಿದ್ದಳು, ಮುಖ ತುಂಬಿತ್ತು. ಕಾಲೇಜಿನ ಸಮಾಚಾರ ಹೇಳಿದಳು, ಅಜ್ಜಿ ಮಳೆಗಾಲದಲ್ಲಿ ತೀರಿಹೋದದ್ದನ್ನು ಹೇಳಿದಳು. ಹೇಳಿ ಇನ್ನಷ್ಟು ಹತ್ತಿರ ಬಂದಳು. ಈಗ ಹೇಳುತ್ತಾಳೆ ಅಂತ ಸೆವ್ರಿನ್ ಬಾಯಿಗೆ ಗೊತ್ತಾಯಿತು. ಬೇಡ ಮಗಾ, ಎಲ್ಲ ಮುಗಿದ ಮಾತು ಅಂತ ಹೇಳಲು ತಯಾರಾದರು.

"ಟೀಚರ್, ಅವತ್ತಿಂದು ನಾನ್ ಮನ್ಸಗ್ ಇಟ್ಕಣ್ಲಿಲ್ಲೆ" ಅಂದಳು ಹುಡುಗಿ. "ನೀವ್ ಹೋಗ್ ಅಂದದ್ ನಂಗ್ ಒಳ್ಳೇದಾಯ್ಲಿ ಅಂದೇಳಿಯೇ ಅಲ್ದಾ? ಮಾವ ನಿಮ್ಗ್ ಎಷ್ಟ್ ಬೈದ್ರೂ ನಾನ್ ಹಾಂಗೇ ಹೇಳ್ತೆ. ನಾನ್ ನಿಮ್ಮನ್ನ ಯಾವಾಗ್ಲೋ ಕ್ಷಮಿಸಿದೆ."

ಸೆವ್ರಿನ್ ಬಾಯಿ ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದರು. ನಾಟಕ ಇರಲಿಲ್ಲ, ನಾಚಿಕೆ ಇರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಮೊಬೈಲಿನಲ್ಲಿ ಅದೇ ಮಾತು ಕೇಳಿ ಕೇಳಿ, ತಾನೂ ಹೇಳಿ ಹೇಳಿ, ಅವಳಿಗೇ ಅದು ನಿಜವಾಗಿಬಿಟ್ಟಿತ್ತು. ಟೀಚರ್ ಹೋಗು ಅಂದದ್ದು ಅವಳಿಗೆ ನೆನಪಿತ್ತು. ಆ ನೆನಪನ್ನೇ ಅವಳು ಹೊಟ್ಟೆಗೆ ಹಾಕಿಕೊಂಡು ಕ್ಷಮಿಸಿದ್ದಳು.

ಆಗಲಿ ಮಗಾ ಅಂತ ಹೇಳಿ ಬಂದ ಬಸ್ಸು ಹತ್ತಿದರು. ಎಲ್ಲಿಗೆ ಹೋಗುವ ಬಸ್ಸು ಅಂತ ನೋಡಲಿಲ್ಲ. ಹುಡುಗಿ ಕೆಳಗೆ ನಿಂತು ನಗುತ್ತ ಕೈ ಬೀಸುತ್ತಿದ್ದಳು. ಆಫೀಸಿನಲ್ಲಿ ಎಲ್ಲರೆದುರು ಅವಳು ಸುಳ್ಳು ಹೇಳಿದಾಗ ಸೆವ್ರಿನ್ ಬಾಯಿಗೆ ಅವಳ ಮೇಲೆ ಸಿಟ್ಟು ಬಂದಿರಲಿಲ್ಲ, ಆಮೇಲೆ ಒಂದು ದಿನವೂ ಬಂದಿರಲಿಲ್ಲ. ಅವತ್ತು ಬಂತು. ಇವತ್ತಿಗೂ ಹೋಗಿಲ್ಲ.