ಚಿಕ್ಕತಾಯಕ್ಕನ ಕೊನೆಯ ಕಂತು

ಚಿಕ್ಕತಾಯಕ್ಕ ಕಾರು ಓಡಿಸುತ್ತಿದ್ದುದು ಬರಿಗಾಲಿನಲ್ಲಿ. ಚಪ್ಪಲಿ ಬಿಚ್ಚಿ ಡಿಕ್ಕಿಯಲ್ಲಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಮಡಿಕೆ ಮಾಡಿ ಹಾಕಿದ ಕಂಬಳಿಯ ಮೇಲೆ ಹತ್ತಿ ಕೂರುತ್ತಿದ್ದಳು. ಆಳು ಐದಡಿಗೂ ಕಡಿಮೆ. ಎದುರಿನಿಂದ ಬರುವವರಿಗೆ ಸ್ಟೇರಿಂಗಿನ ಮೇಲೆ ಎರಡು ಕಣ್ಣು, ವಿಭೂತಿ ಹಚ್ಚಿದ ಒಂದು ಹಣೆ, ಇಷ್ಟೇ ಕಾಣುತ್ತಿತ್ತು.

"ಚಪ್ಪಲಿ ಯಾಕೆ ಹಾಕ್ಕೊಳ್ಳಲ್ಲ ಅಕ್ಕ?" ಎಂದು ಮೊದಲ ದಿನವೇ ಕೇಳಿದ್ದೆ.

"ಚಪ್ಪಲಿ ಹಾಕ್ಕಂಡ್ರೆ ಕ್ಲಚ್ಚು ಏನಂತದೆ ಅಂತ ಕಾಲಿಗೆ ಕೇಳಾಕಿಲ್ಲ ಕಣವ್ವ," ಎಂದಳು.

ನಾನು ಹೆಗ್ಗಡದೇವನಕೋಟೆಯ ಆಸ್ಪತ್ರೆಯಲ್ಲಿ ನರ್ಸು. ಮನೆ ಹುಣಸೂರಿನಲ್ಲಿ. ಬೆಳಗಿನ ಡ್ಯೂಟಿಗೆ ಹೊಂದುವ ಬಸ್ಸು ಒಂದೇ ಒಂದು, ಅದೂ ಬಂದರೆ ಬಂತು. ಹಾಗಾಗಿ ಕೋಟೆಯ ಕಡೆ ಕೆಲಸಕ್ಕೆ ಹೋಗುವ ನಾವು ನಾಲ್ವರು, ಶಾಲೆಯ ಇಬ್ಬರು ಮೇಡಂಗಳು, ತಾಲ್ಲೂಕು ಕಚೇರಿಯ ಒಬ್ಬರು ಮತ್ತು ನಾನು, ತಿಂಗಳ ಲೆಕ್ಕದಲ್ಲಿ ಚಿಕ್ಕತಾಯಕ್ಕನ ಕಾರು ಗೊತ್ತು ಮಾಡಿಕೊಂಡಿದ್ದೆವು. ಉಳಿದ ಮೂವರು ಹಿಂದೆ. ನಾನು ಸದಾ ಮುಂದೆ, ಅವಳ ಎಡಗಡೆ. ನಾಲ್ಕು ವರ್ಷ ದಿನಕ್ಕೆರಡು ಸಲ ಅವಳ ಪಕ್ಕದಲ್ಲಿ ಕುಳಿತವಳು ನಾನು. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಆ ಕಾರನ್ನು ಕೊಂಡವನು ಅವಳ ಗಂಡ ಮಾದೇವಣ್ಣ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿ, ಸ್ವಂತದ್ದೊಂದು ಗಾಡಿ ಬೇಕೆಂದು ಐದು ವರ್ಷದ ಸಾಲಕ್ಕೆ ಸಹಿ ಹಾಕಿ ಬಿಳೀ ಕಾರು ತಂದ. ಏಳನೇ ತಿಂಗಳಿಗೆ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಬಚ್ಚಲಲ್ಲಿ ಬಿದ್ದವನು ಮತ್ತೆ ಏಳಲಿಲ್ಲ. ಸಾಲದ ಕಾಗದದಲ್ಲಿ ಚಿಕ್ಕತಾಯಕ್ಕನ ಸಹಿಯೂ ಇತ್ತು. ತಿಥಿ ಮುಗಿದ ವಾರಕ್ಕೆ ಬ್ಯಾಂಕಿನ ಕಡೆಯವರಿಬ್ಬರು ಬಂದು ಜಗಲಿಯ ಮೇಲೆ ಕುಳಿತರು. ಮರ್ಯಾದೆಯಾಗಿಯೇ ಮಾತಾಡಿದರಂತೆ. ಗಾಡಿ ಒಪ್ಪಿಸಿಬಿಟ್ಟರೆ ನಿಮಗೂ ತಲೆನೋವಿಲ್ಲ, ನಮಗೂ ಇಲ್ಲ ಎಂದರಂತೆ. ತವರು ಮಿರ್ಲೆಯಿಂದ ಬಂದಿದ್ದ ಅವಳ ತಮ್ಮ ಪುಟ್ಟರಾಜನದೂ ಅದೇ ಮಾತು.

"ಕೊಟ್ಬುಡಕ್ಕ. ನೀನೇನು ಗಾಡಿ ಓಡಿಸಿಯಾ?"

ಅವನು ಕೇಳಿದ್ದು ಸುಮ್ಮನೆ. ಅವಳು ಅದನ್ನೇ ಹಿಡಿದುಕೊಂಡಳು. ಮಾದೇವಣ್ಣ ಆ ಕಾರು ತಂದ ದಿನ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನು ಅಷ್ಟು ನಕ್ಕಿದ್ದನ್ನು ಅವಳು ಕಂಡಿದ್ದು ಅದೊಂದೇ ದಿನವಂತೆ. "ಅವ್ರು ಆಸೆಪಟ್ಟು ತಂದುದ್ದ ಯಾರೋ ಎಳಕೊಂಡು ಹೋಗೋದ ನಾನು ನೋಡಾಕಿಲ್ಲ," ಎಂದಳು.

ಕಲಿಸಿದವರು ಬೈಪಾಸಿನ ಬಳಿ ಗ್ಯಾರೇಜು ಇಟ್ಟಿದ್ದ ಅನ್ಸಾರ್ ಭಾಯ್. ಮಾದೇವಣ್ಣನ ಗೆಳೆಯರು. ತಂಬಾಕು ಹರಾಜು ಇಲ್ಲದ ತಿಂಗಳುಗಳಲ್ಲಿ ಹರಾಜು ಕಟ್ಟೆಯ ಮುಂದಿನ ಬಯಲು ಖಾಲಿ ಬಿದ್ದಿರುತ್ತದೆ. ಅಲ್ಲಿ ಬೆಳಗಾಗುತ್ತಲೇ ಪಾಠ. ಮೂರನೇ ದಿನ ಕಾಂಪೌಂಡಿನ ಗೋಡೆ ಎದುರು ಬಂದಾಗ ಅವಳು ಬ್ರೇಕ್ ಮರೆತು "ಹೋ! ಹೋ!" ಎಂದು ಕೂಗಿದಳಂತೆ. ಗೋಡೆಗೆ ಗುದ್ದಿ ಕಾರು ನಿಂತಿತು. ಅನ್ಸಾರ್ ಭಾಯ್ ಟೋಪಿ ಸರಿಮಾಡಿಕೊಂಡು, "ಚಿಕ್ಕತಾಯಮ್ಮ, ಇದು ಎಮ್ಮೆ ಅಲ್ಲ. ಹೋ ಅಂದ್ರೆ ನಿಲ್ಲಲ್ಲ. ಬ್ರೇಕ್ ಒತ್ತಬೇಕು," ಎಂದರಂತೆ. ಈ ಕತೆಯನ್ನು ಅವಳು ನಮಗೆ ಹತ್ತು ಸಲವಾದರೂ ಹೇಳಿರಬೇಕು. ಪ್ರತಿಸಲವೂ ತಾನೇ ಮೊದಲು ನಗುತ್ತಿದ್ದಳು.

ನಾಲ್ಕು ತಿಂಗಳಿಗೆ ಲೈಸೆನ್ಸು ಬಂತು. ಅಲ್ಲಿಯವರೆಗಿನ ಕಂತುಗಳಿಗೆ ಕಿವಿಯ ಓಲೆ, ಹಾಲು ಕರೆಯುತ್ತಿದ್ದ ಹಸು ಹೋದವು. ಆಮೇಲೆ ಒಂದು ಕಂತೂ ತಪ್ಪಲಿಲ್ಲ. ಬೆಳಗ್ಗೆ ಸಂಜೆ ನಮ್ಮ ಟ್ರಿಪ್ಪು, ನಡುವೆ ಕೋಟೆಯಲ್ಲೇ ನಿಂತು ಸಿಕ್ಕ ಬಾಡಿಗೆ, ಭಾನುವಾರ ಮದುವೆ ಮುಂಜಿ. ಹೋಟೆಲಿನಲ್ಲಿ ಅವಳು ಕಾಫಿ ಕುಡಿದದ್ದನ್ನು ನಾನು ಕಾಣೆ. ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಯಾರಾದರೂ "ನಿಮ್ಮ ಕಾರು ಚೆನ್ನಾಗಿಟ್ಟಿದ್ದೀರಿ" ಎಂದರೆ, "ನಂದಲ್ಲ ಸಾ, ಬ್ಯಾಂಕಿಂದು. ಕಸ ಗುಡಿಸೋದು ನಾನು," ಎನ್ನುತ್ತಿದ್ದಳು.

ಒಮ್ಮೆ ಪಿರಿಯಾಪಟ್ಟಣಕ್ಕೆ ಹೊರಟಿದ್ದ ಒಬ್ಬ ದೊಡ್ಡ ಮೀಸೆಯ ಗೌಡರು ಬಾಗಿಲು ತೆಗೆದವರು ಇವಳನ್ನು ನೋಡಿ ಕಾಲು ಹಿಂದಕ್ಕೆ ತೆಗೆದರಂತೆ. "ಎಂಗಸು ಓಡಿಸ್ತದಾ? ಬ್ಯಾಡ ಬ್ಯಾಡ."

"ಅಂಗಾರೆ ಬಸ್ಸಿಗೆ ಹೋಗಿ ಸಾ. ಇನ್ನೊಂದು ಗಂಟೆಗೆ ಅದೆ," ಎಂದು ಇವಳು ಬಾಗಿಲು ಹಾಕಿಕೊಂಡಳು. ಬಿಸಿಲು ಸುಡುತ್ತಿತ್ತು. ಗೌಡರು ಎರಡು ನಿಮಿಷ ನಿಂತು, ತಾವೇ ಬಾಗಿಲು ತೆಗೆದು ಹತ್ತಿದರು. ಊರು ದಾಟುವಷ್ಟರಲ್ಲಿ ನಿದ್ದೆ. "ನನ್ನ ಕೈಗೆ ಜೀವ ಕೊಡಾಕೆ ಎದ್ರುತಿದ್ದೋನು ಪಿರಿಯಾಪಟ್ಟಣದ ಗಂಟ ಗೊರಕೆ ಹೊಡದ ನೋಡವ್ವ," ಎಂದು ಮರುದಿನ ನಮಗೆ ಗೊರಕೆ ಹೊಡೆದೇ ತೋರಿಸಿದಳು.

ಮೂರನೆಯ ವರ್ಷವಿರಬೇಕು, ಗೇರು ಬದಲಿಸುವಾಗ ಅವಳು ತುಟಿ ಕಚ್ಚುವುದು ಕಂಡೆ. ಎಡಗೈ ನೋವು ಎಂದಳು. ರಟ್ಟೆಯಿಂದ ಕಂಕುಳಿನವರೆಗೂ ಎಳೆಯುತ್ತದೆ ಎಂದಳು. ದಿನವಿಡೀ ಗೇರು ಹಾಕುವ ಕೈ, ನೋಯದೆ ಇನ್ನೇನು ಎಂದುಕೊಂಡೆ. ಆಸ್ಪತ್ರೆಯಿಂದ ಒಂದು ಟ್ಯೂಬು ಮುಲಾಮು ತಂದುಕೊಟ್ಟೆ. ಮುಗಿದಾಗ ಇನ್ನೊಂದು. "ಒಂದ್ಸಲ ಡಾಕ್ಟರಿಗೆ ತೋರಿಸು ಅಕ್ಕ," ಎಂದು ಬಾಯಿಮಾತಿಗೆ ಹೇಳಿದ್ದೂ ಉಂಟು. "ಸಾಲ ತೀರ್ಲಿ ಬುಡು. ಆಮ್ಯಾಕೆ ಕೂದಲಿಂದ ಉಗುರಿನ ಗಂಟ ತೋರುಸ್ತೀನಿ," ಎಂದು ನಕ್ಕಳು. ನಾನೂ ನಕ್ಕೆ. ಹದಿನಾರು ವರ್ಷ ನರ್ಸಾಗಿ ಕೆಲಸ ಮಾಡಿದವಳು ನಾನು.

ಕೊನೆಯ ಕಂತು ಕಟ್ಟಿದ ದಿನ ಅವಳು ಯಾರಿಗೂ ಹೇಳಲಿಲ್ಲ. ಬ್ಯಾಂಕಿನ ಕಾಗದ ಪಡೆದು, ಆರ್‌ಟಿಒ ಕಚೇರಿಗೆ ಐದಾರು ಸಲ ಓಡಾಡಿ, ಹೊಸ ಆರ್‌ಸಿ ಕಾರ್ಡು ಕೈಗೆ ಬಂದ ಮೇಲೆ ಒಂದು ಶನಿವಾರ ಸಂಜೆ ನಮ್ಮ ಮನೆ ಬಾಗಿಲಿಗೆ ಬಂದಳು. ಕಾರ್ಡನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಬ್ಯಾಂಕಿನ ಹೆಸ್ರು ಅದಾ ನೋಡು ಶಾರದವ್ವ."

"ಇಲ್ಲ ಅಕ್ಕ."

"ಹಿಂದ್ಗಡೆ?"

"ಹಿಂದೂ ಇಲ್ಲ. ನಿನ್ನ ಹೆಸರು ಮಾತ್ರ ಇರೋದು."

ಕಾರ್ಡು ವಾಪಸು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. "ನಾಳೆ ಬಾಡಿಗೆ ಇಲ್ಲ. ನೀನು ನಾನು ಹೋಗವ. ವೀರನಹೊಸಹಳ್ಳಿ ಕಡೀಕೆ. ಅವ್ರು ಕರಕೊಂಡು ಹೋಯ್ತೀನಿ ಅಂತಿದ್ರು, ಆಗ್ನಿಲ್ಲ," ಎಂದಳು.

ಭಾನುವಾರ ಹೋದೆವು. ಆ ದಿನದಷ್ಟು ನಿಧಾನವಾಗಿ ಅವಳು ಯಾವತ್ತೂ ಓಡಿಸಿರಲಿಲ್ಲ. ಕೆರೆ ಕಂಡಲ್ಲಿ ನಿಲ್ಲಿಸಿದಳು. ಕಬ್ಬಿನ ಹಾಲು ಕುಡಿಸಿದಳು, ತಾನೂ ಕುಡಿದಳು. ಕಾಡು ಶುರುವಾಗುವ ಮೊದಲು ರಸ್ತೆ ಬದಿಯ ಮರದಡಿ ಕಾರು ನಿಲ್ಲಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಉಂಡಾದ ಮೇಲೆ ಕೈ ತೊಳೆದುಕೊಂಡು ಬಂದು ಮತ್ತೆ ಕಾರಿನೊಳಗೆ ಕುಳಿತು ಗಾಜು ಏರಿಸಿದಳು.

"ಇಲ್ಲೊಂದು ಗಂಟು ಅದೆ ಕಣವ್ವ. ಮುಟ್ಟಿ ನೋಡು."

ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟಳು. ಕುಪ್ಪಸದ ಮೇಲಿನಿಂದಲೇ ಗೊತ್ತಾಯಿತು. ಕಲ್ಲಿನಂತೆ ಇತ್ತು. ಅಲುಗಲಿಲ್ಲ. ಕಂಕುಳಲ್ಲಿ ಇನ್ನೆರಡು.

"ಎಷ್ಟು ದಿನ ಆಯ್ತು?"

"ಎರಡು ವರ್ಸದ ಮೇಲಾಯ್ತು. ಮೊದ್ಲು ಹುಣಸೆ ಬೀಜದಂಗಿತ್ತು."

"ದಿನಾ ಪಕ್ಕದಲ್ಲೇ ಕೂತಿದ್ನಲ್ಲ ಅಕ್ಕ! ಯಾಕೆ ಹೇಳಲಿಲ್ಲ?" ಎಂದು ಕೂಗಿಬಿಟ್ಟೆ.

"ಹೇಳಿದ್ರೆ ನೀನು ಬುಡ್ತಿದ್ಯಾ? ಎಳಕೊಂಡು ಹೋಗಿ ಮಲಗುಸ್ತಿದ್ದೆ. ಗಾಡಿ ಆರು ತಿಂಗಳು ನಿಂತಿದ್ರೆ ಬ್ಯಾಂಕಿನೋರು ಬುಡ್ತಿದ್ರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಕರಕೊಂಡು ಹೋಗು. ಎಲ್ಲಿಗಾದ್ರೂ ಬತ್ತೀನಿ."

ಮರುದಿನವೇ ಮೈಸೂರಿಗೆ ಕರೆದುಕೊಂಡು ಹೋದೆ. ಪರೀಕ್ಷೆಯ ವರದಿ ನೋಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ನರ್ಸಾ?" ಎಂದರು. ಹೌದೆಂದೆ. ಮತ್ತೇನೂ ಕೇಳಲಿಲ್ಲ. ಆಪರೇಷನ್ ಆಯಿತು. ಕೀಮೋ ಶುರುವಾಯಿತು. ತಲೆಗೂದಲು ಉದುರಿತು. ಎಡಗೈ ಊದಿಕೊಂಡು ಬೆರಳು ಮಡಿಸಲಾಗದಂತಾಯಿತು. ಕೆ.ಆರ್. ನಗರಕ್ಕೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ರೂಪ ಕೈಗೂಸನ್ನು ಕಟ್ಟಿಕೊಂಡು ಬಂದು ತಾಯಿಯ ಬಳಿ ನಿಂತಳು.

ಅಷ್ಟರಲ್ಲೂ ಅವಳ ಕೀಟಲೆ ಹೋಗಿರಲಿಲ್ಲ. ಸಾಲವಿದ್ದ ದಿನಗಳಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಈಗ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಅಂಥ ಫೋನುಗಳನ್ನೇ ಕಾಯುತ್ತಿದ್ದಳು. "ಲೋನಾ? ಬ್ಯಾಡ ಕಣ್ ಮಗ, ಈಗ ತಾನೇ ತೀರುಸಿ ಕುಂತಿವ್ನಿ. ನಿಂಗೆಷ್ಟು ಸಾಲ ಅದೆ ಹೇಳು ಮತ್ತೆ. ಮದ್ವೆ ಆಯ್ತಾ?" ಆ ಕಡೆಯ ಹುಡುಗಿ ನಕ್ಕಿದ್ದು ನಮಗೆಲ್ಲ ಕೇಳಿಸಿತು. ಪಕ್ಕದ ಮಂಚದವರೂ ನಕ್ಕರು.

ಮೈಸೂರಿಗೆ ಓಡಾಟ, ಹೊರಗೆ ಬರೆದುಕೊಡುವ ಔಷಧಿ, ಇವಕ್ಕೆಲ್ಲ ಕೈ ಬರಿದಾಗುತ್ತ ಬಂತು. ಪುಟ್ಟರಾಜ ಬಂದು, ಕಾರಿನ ಮೇಲೆ ಸಾಲ ಸಿಗುತ್ತದೆ, ವಿಚಾರಿಸಿದ್ದೇನೆ ಎಂದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

"ಇನ್ನೊಂದು ಸೈನು ಹಾಕಾಕಿಲ್ಲ ಕಣ್ಲಾ. ಅದ ತೀರ್ಸಾಕೆ ನಾನಿರಾಕಿಲ್ಲ. ನನ್ ಮಗಳ ತಲೆ ಮ್ಯಾಕೆ ಬತ್ತದೆ. ಗಾಡಿ ಮಾರು."

ಪಿರಿಯಾಪಟ್ಟಣದ ಒಬ್ಬ ಮೇಷ್ಟ್ರು ಕೊಳ್ಳಲು ಒಪ್ಪಿದರು. ಅನ್ಸಾರ್ ಭಾಯ್ ಕಾರು ಓಡಿಸಿದರು. ಅವಳು ಪಕ್ಕದಲ್ಲಿ, ನಾನು ಹಿಂದೆ. ಮೇಷ್ಟ್ರ ಮನೆಯ ಬೀದಿ ಬಂದಾಗ, "ಭಾಯ್, ಇಲ್ಲಿಂದ ನಾನು," ಎಂದಳು. ಭಾಯ್ ಇಳಿದರು. ಊದಿದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈ ಒಂದರಲ್ಲೇ ಸ್ಟೇರಿಂಗು ಹಿಡಿದು, ಮೊದಲ ಗೇರಿನಲ್ಲೇ ಆ ನೂರು ಮಾರು ಓಡಿಸಿ ಅಂಗಳಕ್ಕೆ ತಂದು ನಿಲ್ಲಿಸಿದಳು. ಕೀ ಕೊಡುವಾಗ ಮೇಷ್ಟ್ರಿಗೆ, "ಎರಡನೇ ಗೇರು ಒಸಿ ಗಟ್ಟಿ ಸಾ, ಬಲ ಹಾಕ್ಬೇಡಿ. ನಿಧಾನಕ್ಕೆ ಬೀಳ್ತದೆ," ಎಂದಳು. ಭಾಯ್ ಬೇಲಿಯ ಕಡೆ ಮುಖ ಮಾಡಿ ನಿಂತಿದ್ದರು.

ವಾಪಸು ಬಸ್ಸಿಗೆ ಬಂದೆವು. ಅವಳನ್ನು ಕಿಟಕಿಯ ಬಳಿ ಕೂರಿಸಿದೆ. ಊರು ದಾಟಿದ ಮೇಲೆ, "ಬಸ್ಸು ಎತ್ರ ಕಣವ್ವ. ಒಳ್ಳೆ ದೂರದ ಗಂಟ ಕಾಣ್ತದೆ," ಎಂದಳು. ನನಗೆ ಏನೂ ಕಾಣುತ್ತಿರಲಿಲ್ಲ.

ಸಾಲ ತೀರಿದ ಮೇಲೆ ಅವಳು ಬದುಕಿದ್ದು ಹತ್ತು ತಿಂಗಳು. ಕೊನೆಕೊನೆಗೆ ರೋಗ ಲಿವರಿಗೆ ಇಳಿದಿತ್ತು. ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಡ್ಯೂಟಿ ಮುಗಿಸಿ ಬಸ್ಸಿಳಿದವಳು ನೇರ ಅವಳ ಮನೆಗೆ ಹೋಗಿ, ನೋವಿನ ಇಂಜೆಕ್ಷನ್ ಕೊಟ್ಟು, ಬೆನ್ನು ಒರೆಸಿ, ಆಮೇಲೆ ನನ್ನ ಮನೆಗೆ ಹೋಗುತ್ತಿದ್ದೆ. ಒಂದು ಮಂಗಳವಾರ ರೂಪ ನೀರು ತರಲು ಹೊರಗೆ ಹೋಗಿದ್ದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ಒಂದು ಕೇಳ್ತೀನಿ. ನೀನು ನರ್ಸು, ನಿಜ ಹೇಳು. ಹುಣಸೆ ಬೀಜದಂಗಿದ್ದಾಗ್ಲೇ ತೋರ್ಸಿದ್ರೆ ಉಳೀತಿದ್ನಾ?"

"ಹಂಗೆಲ್ಲ ಹೇಳಕ್ಕಾಗಲ್ಲ ಅಕ್ಕ," ಎಂದೆ.

ಅವಳು ಕೈ ಬಿಡಲಿಲ್ಲ. ಕಣ್ಣೂ ತೆಗೆಯಲಿಲ್ಲ.

"ಉಳೀತಿದ್ದೆ," ಎಂದೆ.

ತಲೆಯಾಡಿಸಿದಳು. ಹೊರಗೆ ಬಿಂದಿಗೆಗೆ ನೀರು ತುಂಬುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವ ಮೊದಲು, ಮಗಳ ಕಿವಿಗೆ ಬೀಳಬಾರದೆಂಬಂತೆ ಬೇಗಬೇಗ ಹೇಳಿದಳು: "ಕೊಟ್ಬುಡಬೇಕಾಗಿತ್ತು ಕಣೆ. ಅವತ್ತೇ ಆ ಗಾಡಿಯ ಕೊಟ್ಬುಡಬೇಕಾಗಿತ್ತು. ಮೊಮ್ಮಗ ಇನ್ನೂ ನಡೀತಾ ಇಲ್ಲ."

ಶುಕ್ರವಾರ ಬೆಳಗ್ಗೆ ನಾನು ಡ್ಯೂಟಿಯಲ್ಲಿದ್ದಾಗ ಹೋದಳು.

ತಿಥಿಯ ದಿನ ಶಾಮಿಯಾನದ ಕೆಳಗೆ ಮಿರ್ಲೆಯವರು, ಓಣಿಯವರು, ಟ್ಯಾಕ್ಸಿ ಸ್ಟ್ಯಾಂಡಿನವರು ಎಲ್ಲ ಕುಳಿತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. ಹೆಂಗಸಾಗಿ ಸಾಲ ತೀರಿಸಿದಳು, ಕಾಯಿಲೆಯಲ್ಲೂ ಯಾರ ಮುಂದೂ ಕೈಯೊಡ್ಡಲಿಲ್ಲ, ಬದುಕಿದರೆ ಹಾಗೆ ಬದುಕಬೇಕು ಎಂದರು. ಪುಟ್ಟರಾಜ, ಗಾಡಿ ಕೊಟ್ಟುಬಿಡು ಎಂದು ತಾನೇ ದಡ್ಡನಂತೆ ಹೇಳಿದ್ದನ್ನು ಹೇಳಿಕೊಂಡು ಅತ್ತ. ರೂಪ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನನ್ನ ಬಳಿ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಆದರೂ ತಲೆ ಎತ್ತಿ ನಿಂತಿದ್ದಳು.

"ನಮ್ಮವ್ವ ಯಾರ್ಗೂ ಒಂದ್ರುಪಾಯಿ ಸಾಲ ಉಳಿಸ್ಕಂಡು ಹೋಗ್ನಿಲ್ಲ ಆಂಟಿ. ನೆಮ್ಮದಿಯಾಗಿ ಹೋದ್ಲು, ಅಲ್ವಾ?"

"ಹೌದು ಕಣಮ್ಮ," ಎಂದೆ.