ಕೆಮ್ಮಿ ಬಾಗಿಲು ತೆಗೆಯಿರಿ

ನಾನು ಒಂದು ಮೀನು ಕದ್ದಿದ್ದೇನೆ. ಸುಟ್ಟ ಮೀನು. ಅರುವತ್ತೆರಡನೆಯ ವಯಸ್ಸಿನಲ್ಲಿ, ಅದೂ ಕಳ್ಳರನ್ನು ಹಿಡಿಯುವ ಕೆಲಸದಲ್ಲಿದ್ದಾಗ.

ಕೆಲಸವೆಂದರೆ ಸಂಬಳದ್ದಲ್ಲ. ಮಾದಾಪುರದ ಶಾಲೆಯಲ್ಲಿ ಮೂವತ್ತು ವರ್ಷ "ಮಿಸ್, ಇವ ನನ್ನ ಪೆನ್ಸಿಲ್ ತೆಗ್ದ" ಎಂಬ ದೂರು ಕೇಳಿ ನಿವೃತ್ತಳಾದ ಮೇಲೆ ಕಿವಿ ಬಿಕೋ ಎನ್ನತೊಡಗಿತು. ಆಗ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ನಡೆಸುವ ಆನ್‌ಲೈನ್ ಆಟದ ಸರ್ವರ್‌ಗೆ ನನ್ನನ್ನು ಸೇರಿಸಿದಳು. ಇಟ್ಟಿಗೆ ಜೋಡಿಸಿ ಮನೆ ಕಟ್ಟುವುದು, ಹೊಳೆಯಲ್ಲಿ ಮೀನು ಹಿಡಿಯುವುದು, ಇಷ್ಟೇ ಆಟ. ಯಾರಾದರೂ ನಿಯಮ ಮುರಿದರೆ ದೂರು ನನಗೆ ಬರುತ್ತದೆ. ವಿಚಾರಿಸುವುದು, ಗದರಿಸುವುದು, ಬಗ್ಗದಿದ್ದರೆ ಶಾಶ್ವತವಾಗಿ ಹೊರಗೆ ಹಾಕುವುದು. ಬೆತ್ತವಿಲ್ಲ ಎಂಬುದೊಂದೇ ಕೊರತೆ.

ನನಗೊಂದು ವಿಶೇಷ ಸವಲತ್ತೂ ಇದೆ. ಒಂದು ಗುಂಡಿ ಒತ್ತಿದರೆ ನಾನು ಮಾಯ. ಯಾರ ಕಣ್ಣಿಗೂ ಬೀಳದೆ ಯಾರ ಮನೆಯೊಳಗೆ ಬೇಕಾದರೂ ನಿಲ್ಲಬಹುದು. ಮೊದಮೊದಲು ಖುಷಿಯಾಗಿತ್ತು, ಆಮೇಲೆ ಹೆದರಿಕೆ ಶುರುವಾಯಿತು. ಎದುರಿಗೇ ನಿಂತಿದ್ದರೂ ಜನ ನಾವಿಲ್ಲವೆಂದೇ ಮಾತಾಡಿಕೊಳ್ಳುತ್ತಾರೆ. ಸತ್ತವರ ಪಾಡು ಹೀಗೇ ಇರಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಹೋದ ತಿಂಗಳು ಒಂದು ದೂರು ಬಂತು. "ಪಕ್ಕದ ಮನೆ ಕಟ್ಟಿದವ್ಳು ಆಟಕ್ಕೆ ಬಾರದೆ ವರ್ಷ ಆಯ್ತು. ದಿನಾ ಮಧ್ಯಾಹ್ನ ಮೂರಕ್ಕೆ ಯಾರೋ ಅಲ್ಲಿಗೆ ನುಗ್ತಾರೆ. ಆಮೇಲೆ ಬಾಗಿಲ ಹೊರಗೆ ಸುಮ್ನೆ ನಿಲ್ತಾರೆ. ಮಾತಾಡ್ಸಿದ್ರೆ ಉತ್ತರ ಇಲ್ಲ. ಬ್ಯಾನ್ ಮಾಡಿ ಟೀಚರೇ, ಹೆದ್ರಿಕೆ ಆಗ್ತದೆ." ಬೇರೆಯವರ ಮನೆಗೆ ನುಗ್ಗಿದವರಿಗೆ ನಮ್ಮ ಸರ್ವರಿನಲ್ಲಿ ಕ್ಷಮೆಯಿಲ್ಲ.

ಮರುದಿನ ಮೂರಕ್ಕೆ ಮುಂಚೆಯೇ ಆ ಮನೆಯೊಳಗೆ ಮಾಯವಾಗಿ ನಿಂತೆ. ಬಾಗಿಲು ತೆರೆಯಿತು. ಬಂದವನು ಗೋಡೆಗೆ ಎರಡು ಸಲ ಢಿಕ್ಕಿ ಹೊಡೆದ, ಆಟಕ್ಕೆ ಹೊಸಬ. ಮೂಲೆಯಲ್ಲಿ ಒಂದು ಸುಟ್ಟ ಮೀನನ್ನು ನೆಲಕ್ಕಿಟ್ಟ. ಬೆನ್ನು ತಿರುಗಿಸದೆ, ಹಿಂದಕ್ಕೇ ಹೆಜ್ಜೆಯಿಡುತ್ತ ಹೊರಗೆ ಹೋಗಿ ಬಾಗಿಲು ಮುಚ್ಚಿದ.

ಅಯ್ಯೋ, ಇದು ಎಡೆ! ನಮ್ಮ ಮನೆಯಲ್ಲೂ ಹೀಗೆಯೇ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾಯುತ್ತೇವೆ. ಒಳಗೆ ಅವರು ಉಣ್ಣುತ್ತಾರೆ. ಆಮೇಲೆ, ನಾವು ಬರುತ್ತಿದ್ದೇವೆಂದು ಅವರಿಗೆ ತಿಳಿಯಲೆಂದು, ಕೆಮ್ಮಿ ಬಾಗಿಲು ತೆಗೆಯುತ್ತೇವೆ. ಅಷ್ಟು ಹೊತ್ತು ಬದುಕಿರುವವರು ಯಾರೂ ಒಳಗಿರಬಾರದು. ನಾನಿದ್ದೆ.

ಗಾಬರಿಯಲ್ಲಿ ಹೊರಗೋಡಲು ಹೋಗಿ ಕೈತಪ್ಪಿ ಮೂಲೆಗೇ ನಡೆದೆ. ಈ ಆಟದಲ್ಲಿ ನೆಲದ ಮೇಲಿದ್ದುದನ್ನು ತುಳಿದರೆ ಸಾಕು, ಅದು ನಮ್ಮ ಚೀಲ ಸೇರುತ್ತದೆ. ಮೀನು ಸೇರಿತು. ಅದನ್ನು ವಾಪಸ್ ಇಡಲು ತಡಕಾಡುವಷ್ಟರಲ್ಲಿ ಬಾಗಿಲು ತೆರೆಯಿತು.

ಅವನು ಖಾಲಿ ಮೂಲೆಯ ಎದುರು, ಅಂದರೆ ನನ್ನ ಎದುರು, ಬಹಳ ಹೊತ್ತು ನಿಂತ. ಆಮೇಲೆ ಪರದೆಯ ಮೇಲೆ ಮೂರು ಶಬ್ದ ಮೂಡಿದವು.

"ಬಂದ್ಯಾ ಮಗಳೇ? ತಿಂದ್ಯಾ?"

ನಾನು ನನ್ನ ಮನೆಯ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತೆ, ಎಲ್ಲಿ ಅವನಿಗೆ ಕೇಳಿಸಿಬಿಡುತ್ತದೋ ಎಂದು.

ಸಂಜೆ ಸಂದೇಶ ಕಳಿಸಿ ವಿಚಾರಿಸಿದೆ. ಹಾರಂಗಿ ಕಡೆ ಶುಂಠಿ ಬೆಳೆಯುವವರು. "ಮಗಳು ಕಟ್ಟಿದ ಮನೆ ಟೀಚರೇ. ಜ್ವರ ಬಂದು ಹೋದ್ಳು. ಮನೇಲಿ ಎಡೆ ಇಟ್ವಿ, ಬಂದ್ಳು ಅಂತ ಅನ್ನಿಸ್ಲೇ ಇಲ್ಲ. ಯಾವಾಗ್ಲೂ ಇಲ್ಲೇ ಇರ್ತಿದ್ಳಲ್ಲ, ಅದ್ಕೆ ಇಲ್ಲಿಟ್ಟೆ. ದಿನಾ ಇಟ್ಟದ್ದು ಹಾಗೇ ಇರ್ತಿತ್ತು, ವಾಪಸ್ ತಗೊಂಡು ಹೋಗ್ತಿದ್ದೆ. ಇವತ್ತು ತಿಂದ್ಳು. ಇನ್ನು ನಾನು ಬರೂದಿಲ್ಲ, ಬ್ಯಾನ್ ಮಾಡೂದಾದ್ರೆ ಮಾಡಿ."

ಹೇಳಬೇಕಿತ್ತೇ? ನಿಜ ಹೇಳಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. ಹೇಳಲಿಲ್ಲ. ದೂರಿನ ಕೆಳಗೆ "ಮನೆಯವರೇ. ತಪ್ಪಿಲ್ಲ" ಎಂದು ಬರೆದು ಮುಗಿಸಿದೆ. ಮೀನು ಇನ್ನೂ ನನ್ನ ಚೀಲದಲ್ಲಿದೆ. ಎಸೆಯಲಾರೆ, ತಿನ್ನಲಾರೆ.

ಮೊನ್ನೆ ನಮ್ಮ ಅಮ್ಮನ ಎಡೆ. ಪ್ರತಿ ವರ್ಷ ಶಾಸ್ತ್ರಕ್ಕೆಂದು ಒಂದು ಸಲ ಕೆಮ್ಮಿ ಬಾಗಿಲು ತಳ್ಳುತ್ತಿದ್ದವಳು, ಈ ಸಲ ಮೂರು ಸಲ ಗಟ್ಟಿಯಾಗಿ ಕೆಮ್ಮಿದೆ. ಇನ್ನೂ ಸ್ವಲ್ಪ ಕಾದೆ.

"ಎಂತಕ್ಕೆ ಮಾರಾಯ್ತಿ ಅಷ್ಟು ಕೆಮ್ಮೂದು?" ಎಂದರು ನಮ್ಮ ಯಜಮಾನರು.

ಒಳಗಿರುವವರ ಗಾಬರಿ ಇವರಿಗೇನು ಗೊತ್ತು, ಪಾಪ.